ಏನೂ ಆಗುವುದಿಲ್ಲ, ನೀವು ಮಾಡಿ ಅಕ್ಕ

ಓದುಗರ ಪ್ರಶ್ನೆ, ಪಾರ್ಲರ್ ಅಕ್ಕನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಗಿರಾಕಿ ಒಂದು ಕೇಳುತ್ತಾರೆ, ನಾವು ಬೇಡ ಅನ್ನುತ್ತೇವೆ, ಅವರು ಬಿಡುವುದಿಲ್ಲ. ನಮ್ಮ ಕಾಸರಗೋಡಿನಲ್ಲಿ ಈ ಒತ್ತಾಯ ಬೇರೆ ಬೇರೆ ಭಾಷೆಯಲ್ಲಿ ಬರುತ್ತದೆ. ತುಳುವಿನಲ್ಲಿ ‘ದಾಲ ಆಪುಜಿ’, ಮಲಯಾಳದಲ್ಲಿ ‘ಒನ್ನುಂ ಆವಿಲ್ಲ’, ಕನ್ನಡದಲ್ಲಿ ‘ಏನೂ ಆಗುವುದಿಲ್ಲ, ನೀವು ಮಾಡಿ ಅಕ್ಕ’. 22 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಈ ಮಾತು ಕೇಳದ ವಾರ ಇಲ್ಲ. ಹಾಗಾಗಿ ಈ ಸಲ ಬೇರೆ ಪತ್ರಗಳನ್ನು ಬದಿಗಿಟ್ಟು ಇವಕ್ಕೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಬದಿಯಡ್ಕದಲ್ಲಿ ಒಂದೂವರೆ ವರ್ಷದ ಹಿಂದೆ ಸಣ್ಣ ಪಾರ್ಲರ್ ತೆರೆದಿದ್ದೇನೆ. ಒಂದೇ ಕೋಣೆ, ನಾನೊಬ್ಬಳೇ. ಕಳೆದ ತಿಂಗಳು ಒಬ್ಬರು ಸ್ಟ್ರೈಟನಿಂಗ್ ಮಾಡಿ ಎಂದು ಬಂದರು. ತಮ್ಮನ ಮದುವೆಗೆ ಹತ್ತು ದಿನ ಇತ್ತು. ಅವರ ಕೂದಲಿಗೆ ಮೊದಲೇ ಎರಡು ಸಲ ಬ್ಲೀಚ್ ಮಾಡಿ ಬಣ್ಣ ಹಾಕಿಸಿದ್ದರು. ಹುಲ್ಲಿನ ಹಾಗೆ ಒಣಗಿತ್ತು. ಕೂದಲು ತುಂಡಾಗುತ್ತದೆ, ಬೇಡ ಎಂದೆ. ‘ನಿಮಗೆ ಗೊತ್ತಿಲ್ಲ ಅಂತ ಹೇಳಿ, ಬೇರೆ ಕಡೆ ಹೋಗ್ತೇನೆ’ ಎಂದು ಎದ್ದು ಹೋದರು. ಈಗ ಅವರ ಮನೆಯ ಕಡೆಯವರು ಯಾರೂ ಬರುತ್ತಿಲ್ಲ. ಮನೆಯಲ್ಲಿ ‘ಬಂದ ಗಿರಾಕಿಯನ್ನು ಓಡಿಸಿದರೆ ಬಾಡಿಗೆ ಯಾರು ಕಟ್ಟುವುದು’ ಎನ್ನುತ್ತಾರೆ. ನಾನು ಮಾಡಿದ್ದು ತಪ್ಪಾ?
— ಹೆಸರು ಬೇಡ, ಬದಿಯಡ್ಕ

ಉತ್ತರ: ತಪ್ಪಲ್ಲ ತಂಗಿ. ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಿ. ನೀವು ಹೇಳಿದ್ದು ಸರಿ. ಹೇಳಿದ ರೀತಿಯನ್ನು ಸ್ವಲ್ಪ ಬದಲಿಸಿದರೆ ಗಿರಾಕಿಯೂ ಉಳಿಯಬಹುದಿತ್ತು, ಅಷ್ಟೇ. ಅದು ನನಗೂ ಸುಲಭವಾಗಿ ಬಂದದ್ದಲ್ಲ.

2012ರಲ್ಲಿ ನನ್ನ ಬಳಿ ಇಂಥದ್ದೇ ಒಬ್ಬರು ಬಂದಿದ್ದರು. ಕೂದಲಿನ ಮೇಲ್ಭಾಗಕ್ಕೆಲ್ಲ ಹೈಲೈಟ್ ಮಾಡಿಸಿದ್ದರು. ನಾನು ಬೇಡ ಎಂದೆ. ಅವರು ಬಿಡಲಿಲ್ಲ. ‘ಏನಾದರೂ ಆದರೆ ನನ್ನ ಜವಾಬ್ದಾರಿ’ ಎಂದರು. ನನಗೂ ಆ ತಿಂಗಳು ದುಡ್ಡಿನ ತಾಪತ್ರಯ. ಒಪ್ಪಿದೆ. ಕ್ರೀಮ್ ಹಚ್ಚಿ, ಹೊತ್ತು ನೋಡಿ, ಬೇಸಿನ್‌ನಲ್ಲಿ ತೊಳೆಯಲು ಶುರು ಮಾಡಿದೆ. ನೀರಿನ ಜೊತೆ ಕೂದಲು ಇಳಿದುಬಂತು. ಉದುರಿದ ಕೂದಲಿಗೆ ಬುಡ ಇರುತ್ತದಲ್ಲ, ಇದಕ್ಕೆ ಬುಡ ಇರಲಿಲ್ಲ. ನಡುವಿನಿಂದ ಕರಗಿ ತುಂಡಾದದ್ದು. ಬಲಗಿವಿಯ ಮೇಲೆ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಕೂದಲು ಒಂದಿಂಚು ಉಳಿಯಿತು. ಅವರು ಬೈಯಲಿಲ್ಲ. ಟವೆಲ್ ಹೊದ್ದು ಕನ್ನಡಿ ನೋಡುತ್ತಾ ಕುಳಿತರು. ಆ ಜವಾಬ್ದಾರಿಯ ಮಾತು ಅವರಿಗೂ ನೆನಪಾಗಲಿಲ್ಲ, ನೆನಪಿಸಲು ನನಗೂ ಬಾಯಿ ಬರಲಿಲ್ಲ. ಹಣ ವಾಪಸ್ ಕೊಟ್ಟೆ. ಅವರು ಮತ್ತೆ ಬರಲಿಲ್ಲ. ಆ ರಾತ್ರಿ ಬೇಸಿನ್‌ನ ಜಾಲರಿಯಿಂದ ಕೂದಲು ತೆಗೆದದ್ದು ಇವತ್ತಿಗೂ ಕೈಗೆ ನೆನಪಿದೆ.

ಗಿರಾಕಿ ಒಪ್ಪಿಗೆ ಕೊಟ್ಟರೆ ನಮಗೆ ಧೈರ್ಯ ಬರುತ್ತದೆ. ಆದರೆ ಕ್ರೀಮಿಗೆ ಅವರ ಒಪ್ಪಿಗೆ ಗೊತ್ತಿಲ್ಲ. ಅದು ತನ್ನ ಕೆಲಸ ಮಾಡಿಯೇ ಮಾಡುತ್ತದೆ.

ಆ ಕೆಲಸ ಏನು ಎಂದು ನಾವು ಸರಿಯಾಗಿ ತಿಳಿದಿದ್ದರೆ ಹೇಳುವುದು ಸುಲಭ. ಕೂದಲಿನ ಒಳಗೆ ಗಂಧಕದ ಬೆಸುಗೆಗಳಿವೆ. ಕೂದಲಿಗೆ ಗಟ್ಟಿತನ, ಗುಂಗುರು ಬರುವುದು ಅವುಗಳಿಂದ. ಸ್ಟ್ರೈಟನಿಂಗ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಇರುವ ಅಮೋನಿಯಂ ಥಯೋಗ್ಲೈಕೊಲೇಟ್ ಆ ಬೆಸುಗೆಗಳನ್ನು ಬಿಚ್ಚುತ್ತದೆ. ಆಮೇಲೆ ಇಸ್ತ್ರಿ ಎಳೆದು ನೇರ ಮಾಡುತ್ತೇವೆ. ಕೊನೆಗೆ ಹಚ್ಚುವ ನ್ಯೂಟ್ರಲೈಸರ್, ಅಂದರೆ ಹೈಡ್ರೋಜನ್ ಪೆರಾಕ್ಸೈಡ್, ಹೊಸ ಆಕಾರದಲ್ಲಿ ಮತ್ತೆ ಬೆಸೆಯುತ್ತದೆ. ಬ್ಲೀಚ್ ಆದ ಕೂದಲಿನಲ್ಲಿ ಎಷ್ಟೋ ಬೆಸುಗೆ ಮೊದಲೇ ಹೋಗಿರುತ್ತದೆ. ಉಳಿದದ್ದನ್ನೂ ಬಿಚ್ಚಿದರೆ ಮತ್ತೆ ಬೆಸೆಯಲು ಏನೂ ಇರುವುದಿಲ್ಲ. ಇಸ್ತ್ರಿಗೆ ಸಿಕ್ಕಿದ್ದು ಇಸ್ತ್ರಿಯಲ್ಲೇ ಉಳಿಯುತ್ತದೆ.

ಆದರೆ ಇದನ್ನು ಬಾಯಲ್ಲಿ ಹೇಳಿದರೆ ಗಿರಾಕಿಗೆ ಪಾಠದ ಹಾಗೆ ಕೇಳಿಸುತ್ತದೆ. ಅವರ ಕೈಗೇ ಕೊಡಿ. ಕುತ್ತಿಗೆಯ ಹಿಂದೆ, ಒಳಗಿನ ಪದರದಿಂದ ನಾಲ್ಕು ಕೂದಲು ಕತ್ತರಿಸಿ ಒದ್ದೆ ಮಾಡಿ. ಎರಡು ತುದಿ ಹಿಡಿದು ಮೆಲ್ಲ ಎಳೆಯಲು ಹೇಳಿ. ಒಳ್ಳೆಯ ಕೂದಲು ಸ್ವಲ್ಪ ಹಿಗ್ಗಿ ವಾಪಸ್ ಬರುತ್ತದೆ. ಸೋತ ಕೂದಲು ನೀರಲ್ಲಿ ನೆನೆದ ಶ್ಯಾವಿಗೆಯ ಹಾಗೆ ಉದ್ದಕ್ಕೆ ಉದ್ದ ಹೋಗುತ್ತದೆ, ಆಮೇಲೆ ಸದ್ದೇ ಇಲ್ಲದೆ ತುಂಡಾಗುತ್ತದೆ. ಆ ತುಂಡು ಅವರ ಬೆರಳುಗಳ ನಡುವೆ ಇರುವಾಗ ನಾವು ಜಾಸ್ತಿ ಮಾತಾಡಬೇಕಾಗಿಲ್ಲ. ಆಗಲೂ ಹಠ ಹಿಡಿದರೆ, ಅದೇ ಜಾಗದ ಒಂದು ಸಣ್ಣ ಎಳೆಗೆ ಮಾತ್ರ ಕ್ರೀಮ್ ಹಚ್ಚಿ ಪೂರ್ತಿ ಕೆಲಸ ಮಾಡಿ ತೋರಿಸಿ. ಅರ್ಧ ದಿನ ಹೋಗುತ್ತದೆ, ಹೋಗಲಿ. ನನ್ನ ಬಳಿ ಒಂದು ಹಳೆಯ ನೋಟ್‌ಬುಕ್ ಇದೆ. ಹೀಗೆ ತುಂಡಾದ ಎಳೆಗಳನ್ನು ಸೆಲ್ಲೋಟೇಪ್‌ನಲ್ಲಿ ಅಂಟಿಸಿ, ಪಕ್ಕದಲ್ಲಿ ಏನು ಹಚ್ಚಿದ್ದೆ, ಎಷ್ಟು ನಿಮಿಷ ಎಂದು ಬರೆದಿದ್ದೇನೆ. ಹೆಸರು ಬರೆದಿಲ್ಲ. ಹಠ ಮಾಡುವವರ ಮುಂದೆ ಆ ಪುಸ್ತಕ ತೆರೆದಿಡುತ್ತೇನೆ.

ಇನ್ನು ಬೇಡ ಎನ್ನುವ ಮಾತು. ಬರೀ ‘ಬೇಡ’ ಅಂದರೆ ಬಾಗಿಲು ಹಾಕಿದ ಹಾಗೆ. ಆಕೆಗೆ ಹತ್ತು ದಿನದಲ್ಲಿ ತಮ್ಮನ ಮದುವೆ ಇತ್ತು ಅಲ್ವಾ? ಆಕೆ ಕೇಳಿದ್ದು ಸ್ಟ್ರೈಟನಿಂಗ್, ಆದರೆ ಆಕೆಗೆ ಬೇಕಾಗಿದ್ದು ಆ ದಿನ, ಆ ಫೋಟೋದಲ್ಲಿ, ನಾಲ್ಕು ಜನರ ನಡುವೆ ಚೆನ್ನಾಗಿ ಕಾಣುವುದು. ಅದನ್ನು ನಾವು ಕೊಡಬಹುದು. ‘ಮದುವೆ ಬೆಳಿಗ್ಗೆ ಬನ್ನಿ, ಸೀರಮ್ ಹಚ್ಚಿ ಬ್ಲೋ ಡ್ರೈ ಮಾಡಿ ಕೊಡ್ತೇನೆ. ಇಲ್ಲವಾದರೆ ತುರುಬು ಹಾಕಿ ಸುತ್ತ ಎರಡು ಚೆಂಡು ಮಲ್ಲಿಗೆ ಮುಡಿಸ್ತೇನೆ, ಒಣಗಿದ ತುದಿ ಒಂದೂ ಕಾಣುವುದಿಲ್ಲ’ ಎನ್ನಬಹುದಿತ್ತು. ಅದರ ಜೊತೆಗೆ ಒಂದು ತಾರೀಕು ಕೊಡಬೇಕು. ಕೂದಲು ತಿಂಗಳಿಗೆ ಹೆಚ್ಚು ಕಡಿಮೆ ಅರ್ಧ ಇಂಚು ಬೆಳೆಯುತ್ತದೆ. ಎರಡು ತಿಂಗಳಿಗೊಮ್ಮೆ ತುದಿ ಕತ್ತರಿಸುತ್ತಾ ಬಂದರೆ ಬ್ಲೀಚ್ ಆದ ಭಾಗ ಯಾವಾಗ ಹೋಗುತ್ತದೆ ಎಂದು ಲೆಕ್ಕ ಹಾಕಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಕೊಡಿ. ‘ಬೇಡ’ ಅಂದವರ ಬಳಿ ಜನ ಮತ್ತೆ ಬರುವುದು ಕಷ್ಟ. ‘ಈಗ ಬೇಡ, ದೀಪಾವಳಿ ಕಳೆದು ನೋಡೋಣ’ ಅಂದವರ ಬಳಿ ಬರುತ್ತಾರೆ.

ಇಂಥ ಹೊತ್ತಿನಲ್ಲಿ ಗಿರಾಕಿ ಇನ್ನೊಂದು ಮಾತು ತೆಗೆಯುತ್ತಾರೆ. ‘ಹಾಗಾದರೆ ಕೆರಾಟಿನ್ ಮಾಡಿ, ಅದು ಕೂದಲಿಗೆ ಒಳ್ಳೆಯದಂತೆ.’ ಕೆರಾಟಿನ್ ಎಂದರೆ ಕೂದಲಿನಲ್ಲೇ ಇರುವ ಪ್ರೋಟೀನ್. ಅದರ ಹೆಸರಿನಲ್ಲಿ ಪಾರ್ಲರಿನಲ್ಲಿ ಒಂದು ದ್ರವ ಹಚ್ಚಿ ಇಸ್ತ್ರಿ ಎಳೆಯುತ್ತಾರೆ. ಹೆಸರು ಕೆರಾಟಿನ್ ಆದ ಮಾತ್ರಕ್ಕೆ ಪೋಷಣೆ ಆಗುವುದಿಲ್ಲ. ಈ ದ್ರವಗಳಲ್ಲಿ ಹಲವು ಇಸ್ತ್ರಿಯ ಬಿಸಿಗೆ ಫಾರ್ಮಾಲ್ಡಿಹೈಡ್ ಎಂಬ ವಿಷದ ಅನಿಲ ಬಿಡುತ್ತವೆ. ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ‘ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ಬರೆದಿರುವ ಕೆಲವುದರಲ್ಲಿ ಗ್ಲೈಆಕ್ಸಿಲಿಕ್ ಆ್ಯಸಿಡ್ ಇರುತ್ತದೆ. ಅದನ್ನು ಹಚ್ಚಿಸಿಕೊಂಡ ನಂತರ ಕಿಡ್ನಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ವೈದ್ಯರು ಇತ್ತೀಚಿನ ವರ್ಷಗಳಲ್ಲಿ ವರದಿ ಮಾಡಿದ್ದಾರೆ. ಗಿರಾಕಿ ವರ್ಷಕ್ಕೆ ಒಮ್ಮೆ ಬಂದು ಹೋಗುತ್ತಾರೆ. ಕಿಟಕಿ ಮುಚ್ಚಿದ ಏಸಿ ಕೋಣೆಯಲ್ಲಿ ದಿನವಿಡೀ ಆ ಹೊಗೆ ಕುಡಿಯುವುದು ನೀವು. ಒಂದೇ ಕೋಣೆ, ನೀವೊಬ್ಬರೇ ಎಂದು ಬರೆದಿದ್ದೀರಿ. ದಯವಿಟ್ಟು ಇದನ್ನು ನಿಮ್ಮ ಸಲುವಾಗಿಯೇ ಯೋಚಿಸಿ.

ಇನ್ನೊಂದು ವಿಷಯ. ‘ಯಾರು ನಿಮ್ಮ ಕೂದಲು ಹೀಗೆ ಹಾಳು ಮಾಡಿದ್ದು’ ಎಂದು ಕೇಳಬೇಡಿ. ಪಕ್ಕದ ಕುರ್ಚಿಯಲ್ಲಿ ಬೇರೆಯವರು ಇರುವಾಗಂತೂ ಬೇಡವೇ ಬೇಡ. ಕೂದಲು ಹಾಳಾಗಿದೆ ಎಂದು ಆಕೆಗೆ ಗೊತ್ತಿದೆ. ಅದಕ್ಕೇ ಬಂದಿದ್ದಾರೆ.

ಬಾಡಿಗೆಯ ಮಾತು ಸುಳ್ಳಲ್ಲ. ಒಂದು ಸ್ಟ್ರೈಟನಿಂಗ್ ಹೋದರೆ ಸಣ್ಣ ಪಾರ್ಲರಿಗೆ ವಾರದ ಸಂಪಾದನೆ ಹೋದ ಹಾಗೆ. ಮನೆಯವರಿಗೆ ಹೀಗೆ ಹೇಳಿ: ನಮ್ಮ ಪೇಟೆಯಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಒಬ್ಬರ ಕೂದಲು ತುಂಡಾದರೆ ಆ ಸುದ್ದಿ ನೀರ್ಚಾಲು, ಪೆರ್ಲ, ಮುಳ್ಳೇರಿಯಕ್ಕೆ ಮೊದಲ ಬಸ್ಸಿನಲ್ಲೇ ಹೋಗುತ್ತದೆ. ನಾನು 2012ರ ನಂತರ ಎರಡು ವರ್ಷ ಅದರ ಬಾಡಿಗೆ ಕಟ್ಟಿದ್ದೇನೆ.

ಪ್ರಶ್ನೆ: ನನ್ನ ಹಳೆಯ ಗಿರಾಕಿಯೊಬ್ಬರಿಗೆ 58 ವರ್ಷ. ಕಳೆದ ಸಲ ಮನೆಯಲ್ಲೇ ಡೈ ಹಚ್ಚಿ ಹಣೆ, ಕಿವಿ ಎಲ್ಲ ಕೆಂಪಾಗಿ ತುರಿಸಿತಂತೆ, ಕಣ್ಣಿನ ರೆಪ್ಪೆ ಬೀಗಿತಂತೆ. ಈಗ ಮಗ ದುಬೈಯಿಂದ ಬರುತ್ತಾನೆ, ಬಿಳಿ ಕೂದಲು ಕಾಣಬಾರದು ಎನ್ನುತ್ತಾರೆ. ‘ನೀನು ಅಮೋನಿಯಾ ಇಲ್ಲದ್ದು ಹಚ್ಚು, ಏನೂ ಆಗುವುದಿಲ್ಲ’ ಎನ್ನುತ್ತಾರೆ. ತಾಯಿಯ ವಯಸ್ಸಿನವರು. ಇಲ್ಲ ಎನ್ನಲು ಸಂಕಟ.
— ಉಪ್ಪಳದ ಓದುಗಿ

ಉತ್ತರ: ಸಂಕಟವಾದರೂ ಇಲ್ಲ ಅನ್ನಿ. ಇದರಲ್ಲಿ ನಡುದಾರಿ ಇಲ್ಲ.

ಹಣೆ, ಕಿವಿ, ರೆಪ್ಪೆ ಬೀಗಿದ್ದು ಹೆಚ್ಚಾಗಿ ಪಿಪಿಡಿಯಿಂದ. ಕಪ್ಪು ಡೈಯಲ್ಲಿ ಬಣ್ಣ ಕೊಡುವ ವಸ್ತು ಅದು, ಪ್ಯಾರಾಫೆನಿಲಿನ್‌ಡೈಅಮೈನ್. ಅಮೋನಿಯಾ ಬೇರೆ, ಪಿಪಿಡಿ ಬೇರೆ. ಅಮೋನಿಯಾ ಇಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಪಿಪಿಡಿ ಇರಬಹುದು. ಭೂತಕನ್ನಡಿ ಹಿಡಿದಾದರೂ ಓದಿ. ಒಮ್ಮೆ ಮೈಗೆ ಅಲರ್ಜಿ ಹತ್ತಿದರೆ ಅದು ಸುಮ್ನೆ ಹೋಗುವುದಿಲ್ಲ, ಮುಂದಿನ ಸಲ ಇನ್ನೂ ಜೋರಾಗಿ ಬರಬಹುದು. ಹತ್ತು ವರ್ಷ ಹಚ್ಚಿ ಏನೂ ಆಗದವರಿಗೂ ಹನ್ನೊಂದನೇ ವರ್ಷ ಶುರುವಾಗಬಹುದು. ಅದಕ್ಕೇ ಹೊಸಬರಿರಲಿ, ಹಳಬರಿರಲಿ, 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಬದಿಯಲ್ಲಿ ಒಂದು ಬೊಟ್ಟು ಹಚ್ಚಿ ನೋಡಬೇಕು. ಆದರೆ ನಿಮ್ಮ ಗಿರಾಕಿಗೆ ಆ ಪರೀಕ್ಷೆಯನ್ನೂ ನೀವು ಮಾಡಬೇಡಿ. ಅವರಿಗೆ ಈಗಾಗಲೇ ಆಗಿದೆ. ಅವರು ಹೋಗಬೇಕಾದ್ದು ಚರ್ಮದ ಡಾಕ್ಟರ ಹತ್ತಿರ. ಡೈ ಹಚ್ಚಿದ ಮೇಲೆ ಯಾರಿಗಾದರೂ ಮುಖ ಬೀಗಿ ಉಸಿರಾಟಕ್ಕೆ ತೊಂದರೆ ಬಂದರೆ ತಲೆ ತೊಳೆಯುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ.

‘ಹರ್ಬಲ್ ಕಪ್ಪು ಮೆಹಂದಿ’ ಎಂಬ ಪುಡಿಯೂ ಬೇಡ. ನಮ್ಮ ಹಿತ್ತಿಲಿನ ಮದರಂಗಿ ಎಲೆ ಅರೆದು ಹಚ್ಚಿದರೆ ಯಾವತ್ತಾದರೂ ಕಪ್ಪಾಗಿದೆಯಾ? ಕೇಸರಿ ಆಗುತ್ತದೆ, ಮರುದಿನ ಕಡು ಕಂದು ಆಗುತ್ತದೆ. ಮದರಂಗಿಯ ಬಣ್ಣವೇ ಅದು. ಹತ್ತು ನಿಮಿಷದಲ್ಲಿ ಕರಿ ಬಣ್ಣ ಹಿಡಿಯುವ ಪುಡಿಯಲ್ಲಿ, ಕೋನ್‌ನಲ್ಲಿ ಬೇರೆ ಏನೋ ಸೇರಿದೆ. ಹೆಚ್ಚಿನ ಸಲ ಇದೇ ಪಿಪಿಡಿ. ಮದುವೆಯ ಹಿಂದಿನ ರಾತ್ರಿ ಸಣ್ಣ ಮಕ್ಕಳ ಕೈಗೂ ಆ ಕಪ್ಪು ಕೋನ್‌ನಲ್ಲಿ ಹೂ ಬಿಡಿಸುತ್ತಾರೆ. ಕೈಯಲ್ಲಿ ಬರೆದ ಬಳ್ಳಿಯ ಆಕಾರದಲ್ಲೇ ನೀರ್ಗುಳ್ಳೆ ಎದ್ದದ್ದನ್ನು ನಾನು ಒಬ್ಬ ಏಳು ವರ್ಷದ ಹುಡುಗಿಯ ಕೈಯಲ್ಲಿ ನೋಡಿದ್ದೇನೆ. ಎಲೆಯೂ ಗುಳ್ಳೆ, ಹೂವೂ ಗುಳ್ಳೆ. ಆ ಮಗು ದೊಡ್ಡವಳಾಗಿ ತಲೆಗೆ ಡೈ ಹಚ್ಚಿದ ದಿನ ಅದರ ಮೈ ಅದನ್ನು ನೆನಪಿಟ್ಟಿರುತ್ತದೆ. ಕಪ್ಪು ಕೋನ್ ಕೇಳುವ ಗಿರಾಕಿಗಳಿಗೆ ನಾನು ಮೈಲಾಂಜಿ ರಾತ್ರಿಯಾಗಲಿ, ಮದರಂಗಿ ಶಾಸ್ತ್ರವಾಗಲಿ, ಒಂದೇ ಉತ್ತರ ಕೊಡುತ್ತೇನೆ. ಎಲೆಯ ಮದರಂಗಿ ಎರಡು ದಿನ ಮೊದಲು ಹಚ್ಚಿಸಿಕೊಳ್ಳಿ. ರಾತ್ರಿಯಿಡೀ ಇರಲಿ. ನೀರು ಮುಟ್ಟಿಸದೆ ಉದುರಿಸಿ. ಮದುವೆಯ ದಿನಕ್ಕೆ ಅದರ ಬಣ್ಣ ತಾನಾಗಿ ಏರುತ್ತದೆ.

ನಿಮ್ಮ ಆ ಅಮ್ಮನಿಗೆ ಡಾಕ್ಟರು ಸರಿ ಎಂದರೆ ಶುದ್ಧ ಮದರಂಗಿ ಹಚ್ಚಿ, ತೊಳೆದು, ಆಮೇಲೆ ಶುದ್ಧ ನೀಲಿ ಎಲೆಯ ಪುಡಿ ಹಚ್ಚುವ ಕ್ರಮ ಇದೆ. ಮಲಯಾಳದಲ್ಲಿ ನೀಲಯಮರಿ ಎನ್ನುತ್ತಾರೆ. ಕಡು ಕಂದು ಬರುತ್ತದೆ. ಹೊತ್ತು ಬೇಕು, ತಾಳ್ಮೆ ಬೇಕು. ಇಲ್ಲವೆಂದರೆ ಚಂದದ ಹೇರ್‌ಕಟ್ ಮಾಡಿ ಬಿಳಿಯನ್ನು ಬಿಳಿಯಾಗಿಯೇ ಬಿಡಿ. ದುಬೈಯಿಂದ ಬರುವ ಮಗನಿಗೆ ಬೀಗಿದ ಮುಖದ ತಾಯಿ ಬೇಕಾ, ಬಿಳಿ ಕೂದಲಿನ ತಾಯಿ ಬೇಕಾ ಎಂದು ಅವರನ್ನೇ ಕೇಳಿ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ. ಮೊಡವೆಗೆ ಡಾಕ್ಟರು ಐಸೊಟ್ರೆಟಿನಾಯಿನ್ ಮಾತ್ರೆ ಕೊಟ್ಟಿದ್ದಾರೆ. ಪಾರ್ಲರಿನಲ್ಲಿ ಮೇಲ್ದುಟಿಗೆ ವ್ಯಾಕ್ಸಿಂಗ್ ಮಾಡಿ ಎಂದೆ. ಯಾವ ಮಾತ್ರೆ ತಿನ್ನುತ್ತೀ ಎಂದು ಕೇಳಿದರು, ಹೇಳಿದೆ. ಆಗುವುದಿಲ್ಲ ಎಂದು ಕಳಿಸಿದರು. ಎಲ್ಲರ ಎದುರು ಅವಮಾನ ಆಯಿತು.
— ಮಂಜೇಶ್ವರ

ಉತ್ತರ: ನಿನ್ನನ್ನು ಕಳಿಸಿದ ಅಕ್ಕನಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳು ಮಗಾ. ಆ ಪ್ರಶ್ನೆ ಕೇಳುವವರು ತುಂಬಾ ಕಡಿಮೆ. ಆ ಮಾತ್ರೆ ತಿನ್ನುವಾಗ ಚರ್ಮ ಒಣಗಿ ನಾಜೂಕಾಗಿರುತ್ತದೆ. ವ್ಯಾಕ್ಸ್ ಎಳೆದರೆ ಕೂದಲಿನ ಜೊತೆ ಚರ್ಮದ ಮೇಲ್ಪದರವೇ ಕಿತ್ತು ಬರಬಹುದು, ಕಲೆ ಉಳಿಯಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಆರು ತಿಂಗಳು ವ್ಯಾಕ್ಸಿಂಗ್ ಬೇಡ ಎನ್ನುತ್ತಾರೆ. ಅದೇ ಜಾತಿಯ ಔಷಧ ಇರುವ, ರಾತ್ರಿ ಹಚ್ಚುವ ರೆಟಿನಾಯಿಡ್ ಕ್ರೀಮ್ ಇದ್ದರೆ ಅದನ್ನೂ ಪಾರ್ಲರಿನಲ್ಲಿ ಹೇಳಬೇಕು. ಸದ್ಯಕ್ಕೆ ಸಣ್ಣ ಕತ್ತರಿಯಲ್ಲಿ ಟ್ರಿಮ್ ಮಾಡಿಸಿಕೋ. ಬೇರೆ ಏನೇ ಆದರೂ ಡಾಕ್ಟರನ್ನು ಕೇಳಿ ಮಾಡು.

ಎಲ್ಲರ ಎದುರು ಹೇಳಿದ್ದು ಮಾತ್ರ ಸರಿಯಲ್ಲ. ಮಾತ್ರೆ, ಮುಟ್ಟು, ಬಸಿರು ಇಂಥದ್ದನ್ನೆಲ್ಲ ಬದಿಗೆ ಕರೆದು ಕೇಳಬೇಕು. ಪಾರ್ಲರ್ ನಡೆಸುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ.

ಪ್ರಶ್ನೆ: ಮಗಳ ಮದುವೆ ಭಾನುವಾರ. ಶುಕ್ರವಾರ ಬ್ಲೀಚ್ ಮಾಡಿ ಎಂದರೆ ಪಾರ್ಲರಿನವರು ಒಪ್ಪುತ್ತಿಲ್ಲ. ಮಗಳು ಸ್ವಲ್ಪ ಕಪ್ಪು. ಮೂರು ತಿಂಗಳಿನಿಂದ ಸಂಬಂಧಿಕರು ಗಲ್ಫಿನಿಂದ ತಂದ ಒಂದು ಕ್ರೀಮ್ ಹಚ್ಚುತ್ತಿದ್ದಾಳೆ, ಒಳ್ಳೆ ಬೆಳ್ಳಗಾಗಿದ್ದಾಳೆ. ಆದರೆ ಬಿಸಿಲಿಗೆ ಹೋದರೆ ಮುಖ ಕೆಂಪಾಗಿ ಉರಿಯುತ್ತದೆ. ಬ್ಲೀಚ್ ಮಾಡಿದರೆ ಸರಿಯಾಗುವುದಿಲ್ಲವೇ?
— ಒಬ್ಬ ತಾಯಿ, ಮುಳ್ಳೇರಿಯ

ಉತ್ತರ: ಅಮ್ಮಾ, ಈ ಸಂಚಿಕೆ ನಿಮ್ಮ ಕೈಗೆ ಬರುವಾಗ ಮದುವೆ ಕಳೆದಿರುತ್ತದೆ. ಅದಕ್ಕೇ ಸಂಪಾದಕರಿಂದ ನಿಮ್ಮ ನಂಬರ್ ಪಡೆದು ಫೋನಿನಲ್ಲೇ ಹೇಳಿದ್ದೆ. ಇಲ್ಲಿ ಬರೆಯುತ್ತಿರುವುದು ಇನ್ನುಳಿದ ತಾಯಂದಿರಿಗೆ.

ಮುಖದ ಬ್ಲೀಚ್ ಚರ್ಮವನ್ನು ಬೆಳ್ಳಗೆ ಮಾಡುವುದಿಲ್ಲ. ಮುಖದ ಮೇಲಿನ ಸಣ್ಣ ಕೂದಲಿನ ಬಣ್ಣ ತೆಗೆಯುತ್ತದೆ. ಅದರಿಂದ ಎರಡು ದಿನ ಮುಖ ತಿಳಿಯಾಗಿ ಕಾಣುತ್ತದೆ, ಅಷ್ಟೇ. ಅದರಲ್ಲಿರುವುದು ಪೆರಾಕ್ಸೈಡ್, ಅಮೋನಿಯಾ. ಈಗಾಗಲೇ ಉರಿಯುವ ಮುಖಕ್ಕೆ ಅದನ್ನು ಹಚ್ಚಿದರೆ ಸುಟ್ಟ ಗಾಯದ ಹಾಗೆ ಆಗಬಹುದು. ಮದುವೆಗೆ ಎರಡು ದಿನ ಇರುವಾಗ ಹೊಸದೊಂದನ್ನು ಮುಖಕ್ಕೆ ಹಚ್ಚುವುದು ಯಾರಿಗೂ ಬೇಡ. ಏನಾದರೂ ಆದರೆ ಇಳಿಯಲು ದಿನವೇ ಇಲ್ಲ. ಮಾಡಿಸಬೇಕಾದ್ದನ್ನೆಲ್ಲ ಒಂದು ತಿಂಗಳ ಮೊದಲೇ ಒಮ್ಮೆ ಮಾಡಿಸಿ ನೋಡಿ. ಕೊನೆಯ ಫೇಶಿಯಲ್ ನಾಲ್ಕೈದು ದಿನ ಮೊದಲು ಮುಗಿಯಲಿ.

ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಆ ಕ್ರೀಮ್. ಮೂರು ತಿಂಗಳಲ್ಲಿ ಬಣ್ಣ ತಿರುಗಿಸುವ ಕ್ರೀಮಿನಲ್ಲಿ ಪಾದರಸ ಇರಬಹುದು, ಇಲ್ಲವೇ ಜೋರಾದ ಸ್ಟೀರಾಯ್ಡ್. ಪಾದರಸ ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿಗೆ ತೊಂದರೆ ಕೊಡುತ್ತದೆ. ಇದು ಎಲ್ಲೋ ದೂರದ ಕಥೆಯಲ್ಲ. ನಮ್ಮದೇ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಕಿಡ್ನಿಯ ಡಾಕ್ಟರುಗಳು 2021ರಿಂದ 2023ರ ನಡುವೆ ಬಂದ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳನ್ನು ನೋಡಿ, ಅವರಲ್ಲಿ 13 ಜನ ಬಿಳುಪಿನ ಕ್ರೀಮ್ ಹಚ್ಚುತ್ತಿದ್ದರು ಎಂದು ಕಂಡುಕೊಂಡರು. ರಾಜ್ಯದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂದು ಅಂಗಡಿಗಳ ತಪಾಸಣೆ ಶುರು ಮಾಡಿತು. ಕ್ರೀಮಿನಲ್ಲಿ ತಾನಾಗಿ ಸೇರಿಕೊಳ್ಳುವ ಪಾದರಸಕ್ಕೆ ನಮ್ಮ ದೇಶದ ನಿಯಮದಲ್ಲಿ ಇರುವ ಮಿತಿ 1 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರ್, ಒಳಗೆ ಏನಿದೆ ಎಂಬ ಪಟ್ಟಿ ಇಲ್ಲದ ಡಬ್ಬಿಯನ್ನು ಯಾರೇ ಪ್ರೀತಿಯಿಂದ ತಂದುಕೊಟ್ಟರೂ ಮುಖಕ್ಕೆ ಹಚ್ಚಬೇಡಿ.

ಸ್ಟೀರಾಯ್ಡ್ ಕ್ರೀಮಿನ ಗುರುತು ನಮಗೆ ಪಾರ್ಲರಿನವರಿಗೆ ಈಗ ಕಣ್ಣಿಗೇ ಸಿಗುತ್ತದೆ. ಕೆನ್ನೆಯಲ್ಲಿ ಕೆಂಪು ಎಳೆ ಎಳೆಯಾಗಿ ರಕ್ತನಾಳ ಕಾಣುತ್ತದೆ, ಚರ್ಮ ಈರುಳ್ಳಿಯ ಪದರದ ಹಾಗೆ ತೆಳ್ಳಗಾಗಿರುತ್ತದೆ, ಗಲ್ಲದ ಮೇಲೆ ಕೂದಲು ಬಂದಿರುತ್ತದೆ. ಬಿಸಿಲು ತಾಗಿದರೆ ಉರಿ. ಹಚ್ಚುವುದನ್ನು ಬಿಟ್ಟ ಕೂಡಲೇ ಮುಖ ತುಂಬಾ ಗುಳ್ಳೆ ಬರುವುದರಿಂದ ಹೆದರಿ ಮತ್ತೆ ಹಚ್ಚುತ್ತಾರೆ. ಆದ್ದರಿಂದ ಇದನ್ನು ಡಾಕ್ಟರ ಸಲಹೆಯ ಮೇಲೆಯೇ ಬಿಡಬೇಕು. ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ. ಇಂಥ ಮುಖ ನನ್ನ ಕುರ್ಚಿಯಲ್ಲಿ ಬಂದು ಕೂತರೆ ನಾನು ಹುಬ್ಬು ಮಾತ್ರ ಮಾಡುತ್ತೇನೆ. ಫೇಶಿಯಲ್ ಮಾಡುವುದಿಲ್ಲ, ಸ್ಕ್ರಬ್ ಮುಟ್ಟಿಸುವುದಿಲ್ಲ.

‘ಮಗಳು ಸ್ವಲ್ಪ ಕಪ್ಪು’ ಎಂದು ನೀವು ಬರೆದದ್ದನ್ನು ಎರಡು ಸಲ ಓದಿದೆ. ಎಷ್ಟೋ ಮದುಮಗಳಂದಿರು ಕುರ್ಚಿಯಲ್ಲಿ ಕುಳಿತಾಗ ಅವರ ಹಿಂದೆ ನಿಂತ ಅಮ್ಮ, ಚಿಕ್ಕಮ್ಮ, ಅತ್ತಿಗೆ ಈ ಮಾತು ಹೇಳುತ್ತಾರೆ. ಹುಡುಗಿಯ ಮುಖ ನನಗೆ ಕನ್ನಡಿಯಲ್ಲಿ ಕಾಣುತ್ತದೆ, ಹಿಂದೆ ನಿಂತವರಿಗೆ ಕಾಣುವುದಿಲ್ಲ. ಆಗ ನಾನು ಮೇಕಪ್‌ಗೆ ಆಕೆಯದೇ ಬಣ್ಣದ ಫೌಂಡೇಶನ್ ತೆಗೆಯುತ್ತೇನೆ. ಎರಡು ಶೇಡ್ ಬಿಳಿ ಹಚ್ಚಿ ಎಂದು ಒತ್ತಾಯ ಮಾಡಿದರೆ ಅರ್ಧ ಮುಖಕ್ಕೆ ಅದನ್ನು, ಅರ್ಧಕ್ಕೆ ಇದನ್ನು ಹಚ್ಚಿ, ಬಾಗಿಲ ಹತ್ತಿರ ಬಿಸಿಲಿಗೆ ಕರೆದು ತೋರಿಸುತ್ತೇನೆ. ಬೂದಿ ಬಳಿದ ಹಾಗೆ ಕಾಣುವ ಬದಿ ಯಾವುದು ಎಂದು ಅವರೇ ಹೇಳುತ್ತಾರೆ.

ಪ್ರಶ್ನೆ: ‘ಏನಾದರೂ ಆದರೆ ಪಾರ್ಲರ್ ಹೊಣೆಯಲ್ಲ’ ಎಂದು ಗಿರಾಕಿಯಿಂದ ಬರೆಸಿ ಸಹಿ ಹಾಕಿಸಿಕೊಂಡರೆ ಅವರು ಕೇಳಿದ್ದನ್ನು ಮಾಡಬಹುದಾ? ನಮ್ಮಲ್ಲಿ ಮೂವರು ಹುಡುಗಿಯರು ಕೆಲಸಕ್ಕಿದ್ದಾರೆ.
— ಕಾಸರಗೋಡು ಪೇಟೆಯ ಪಾರ್ಲರ್ ಒಡತಿ

ಉತ್ತರ: ಬರೆಸಿಕೊಳ್ಳಿ, ಆದರೆ ಅದು ನಿಮ್ಮನ್ನು ಕಾಯುವ ಕೊಡೆ ಎಂದುಕೊಳ್ಳಬೇಡಿ. ಸಹಿ ಇರುವುದು ನೀವು ಎಚ್ಚರಿಸಿದ್ದೀರಿ ಎಂಬುದಕ್ಕೆ ಗುರುತು. ತಪ್ಪು ಎಂದು ಗೊತ್ತಿದ್ದೂ ಮಾಡಲು ಅದು ಅನುಮತಿ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದುಡ್ಡು ತೆಗೆದುಕೊಂಡು ಮಾಡುವ ನಮ್ಮ ಕೆಲಸವೂ ಸೇವೆಯೇ. ಸೇವೆಯಲ್ಲಿ ಲೋಪ ಆದರೆ ಗಿರಾಕಿ ಗ್ರಾಹಕ ಆಯೋಗಕ್ಕೆ ಹೋಗಬಹುದು. ದೆಹಲಿಯ ಒಂದು ಹೋಟೆಲಿನ ಸಲೂನಿನಲ್ಲಿ ಕೂದಲನ್ನು ಹೇಳಿದ್ದಕ್ಕಿಂತ ಗಿಡ್ಡ ಕತ್ತರಿಸಿದ್ದಕ್ಕೆ ರಾಷ್ಟ್ರೀಯ ಆಯೋಗ 2021ರಲ್ಲಿ 2 ಕೋಟಿ ರೂಪಾಯಿ ಪರಿಹಾರ ಹೇಳಿತ್ತು. 2023ರಲ್ಲಿ ಸುಪ್ರೀಂ ಕೋರ್ಟು ಅಷ್ಟು ಮೊತ್ತಕ್ಕೆ ಆಧಾರ ಇಲ್ಲ ಎಂದು ಅದನ್ನು ತೆಗೆದು ಮತ್ತೆ ವಿಚಾರಣೆಗೆ ಕಳಿಸಿತು. ಆದರೆ ಸೇವೆಯಲ್ಲಿ ಲೋಪ ಆಗಿದೆ ಎಂಬ ಮಾತನ್ನು ಕೋರ್ಟು ಆಗಲೂ ಮುಟ್ಟಲಿಲ್ಲ.

ಮೂವರು ಹುಡುಗಿಯರಿದ್ದಾರೆ ಎಂದಿರಲ್ಲ, ಅಲ್ಲೇ ನಿಮ್ಮ ಕಷ್ಟ ಶುರು. ಗಿರಾಕಿ ನಿಮ್ಮ ಬಳಿ ಆಗದ್ದನ್ನು ಅವರ ಬಳಿ ಮಾಡಿಸಿಕೊಳ್ಳಲು ನೋಡುತ್ತಾರೆ. ನೀವು ಊಟಕ್ಕೆ ಹೋದ ಹೊತ್ತಿಗೆ ‘ಒಂಜಿ ಸರ್ತಿ ಮಲ್ಪುಲೆ’, ಒಂದು ಸಲ ಮಾಡಿ, ಎನ್ನುತ್ತಾರೆ. ಪಾಪ, ಆ ಹುಡುಗಿಯರಿಗೆ ಇಲ್ಲ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ನಾನು ನನ್ನಲ್ಲಿ ಕೆಲಸಕ್ಕೆ ಬರುವವರಿಗೆ ಮೊದಲ ದಿನವೇ ಒಂದು ವಾಕ್ಯ ಕಲಿಸುತ್ತೇನೆ: ‘ಇದಕ್ಕೆ ಮೇಡಂ ನೋಡದೆ ನಮ್ಮಲ್ಲಿ ಯಾರೂ ಕೈ ಹಾಕುವುದಿಲ್ಲ.’ ಬೈಗುಳ ನನಗೆ ಬರಲಿ, ಅವರಿಗೆ ಬೇಡ. ಒಮ್ಮೆ ನನ್ನ ಹುಡುಗಿಯೊಬ್ಬಳು ಹೀಗೆ ಹೇಳಿದ್ದಕ್ಕೆ ದೊಡ್ಡ ಮನೆಯ ಗಿರಾಕಿಯೊಬ್ಬರು ಅವಳನ್ನು ಕೆಲಸದಿಂದ ತೆಗೆಯಿರಿ ಎಂದರು. ಅವಳು ಇವತ್ತಿಗೂ ನನ್ನಲ್ಲಿದ್ದಾಳೆ.

ಒಂದು ನೋಟ್‌ಬುಕ್ ಇಡಿ. ತಾರೀಕು, ಹಚ್ಚಿದ್ದು ಏನು, ಎಷ್ಟು ಹೊತ್ತು, ಗಿರಾಕಿ ತಿನ್ನುವ ಮಾತ್ರೆ, ಹಿಂದೆ ಆದ ಅಲರ್ಜಿ. ಬೇಡ ಎಂದು ಕಳಿಸಿದ್ದನ್ನೂ ಬರೆಯಿರಿ.

ಪ್ರಶ್ನೆ: ಗಿರಾಕಿಯೊಬ್ಬರ ಕುತ್ತಿಗೆಯಲ್ಲಿ ಕಪ್ಪು ಮಚ್ಚೆ ಇದೆ. ಈಗ ದೊಡ್ಡದಾಗಿದೆಯಂತೆ. ಕುದುರೆ ಬಾಲದ ಕೂದಲು ಕಟ್ಟಿದರೆ ಉದುರುತ್ತದೆ ಎಂದು ಯಾರೋ ಹೇಳಿದ್ದಾರೆ. ಕೂದಲು ಸಿಗದೆ ಈಗ ಹೊಲಿಗೆ ದಾರ ಕಟ್ಟಿಕೊಂಡು ಬಂದಿದ್ದಾರೆ. ‘ನೀವು ಇನ್ನೂ ಸ್ವಲ್ಪ ಬಿಗಿ ಮಾಡಿ’ ಎನ್ನುತ್ತಾರೆ. ಐಬ್ರೋ ದಾರ ಹಿಡಿಯುವ ಕೈ, ಇದೂ ಆಗುತ್ತದೆ ಎನ್ನುತ್ತಾರೆ.
— ಪೆರ್ಲ

ಉತ್ತರ: ಮುಟ್ಟಬೇಡಿ. ದೊಡ್ಡದಾಗುತ್ತಿರುವ, ಬಣ್ಣ ಬದಲಾಗುವ, ರಕ್ತ ಬರುವ ಮಚ್ಚೆ ಪಾರ್ಲರಿನ ಕೆಲಸವೇ ಅಲ್ಲ. ಅದು ಏನು ಎಂದು ಡಾಕ್ಟರು ನೋಡಿಯೇ ಹೇಳಬೇಕು, ಬೇಕಾದರೆ ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕು. ಕಟ್ಟಿ ಕೊಳೆಸಿ ಉದುರಿಸಿದರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ, ನಂಜು ಬೇರೆ ಆಗುತ್ತದೆ. ಇವತ್ತೇ ಅವರಿಗೆ ಫೋನ್ ಮಾಡಿ. ದಾರವನ್ನು ಎಳೆಯಬೇಡಿ, ನೀವಾಗಿ ಕತ್ತರಿಸಲೂ ಬೇಡಿ ಎಂದು ಹೇಳಿ. ಅದು ಇದ್ದ ಹಾಗೇ ಹೋಗಿ ಡಾಕ್ಟರಿಗೆ ತೋರಿಸಲಿ. ಒಬ್ಬರೇ ಹೋಗಲು ಹಿಂಜರಿದರೆ, ಒಂದು ಗಂಟೆ ಅಂಗಡಿ ಮುಚ್ಚಿ ನೀವೂ ಜೊತೆಗೆ ಹೋಗಿ.